ಮರದ ಇಯರ್‌ಫೋನ್

ಧನಂಜಯ ಒಂದು ಸಾಮಾನು ಕೊಳ್ಳುತ್ತೇನೆಂದು ಬಾಯಿಬಿಟ್ಟರೆ ಮನೆಯವರು ಅದರ ಆಸೆಯನ್ನೇ ಬಿಟ್ಟುಬಿಡಬೇಕು. ಅವನು ವಿಚಾರಿಸುತ್ತಾನೆ, ಓದುತ್ತಾನೆ, ಮೊದಲೇ ಕೊಂಡವರು ಏನೆಂದು ಶಾಪ ಹಾಕಿದ್ದಾರೆಂದು ಹುಡುಕುತ್ತಾನೆ, ಅಂಗಡಿಗೆ ಹೋಗಿ ಮುಟ್ಟಿ ತಟ್ಟಿ ನೋಡಿ ಬರಿಗೈಯಲ್ಲಿ ವಾಪಸು ಬರುತ್ತಾನೆ. ಮಿಕ್ಸಿ ಕೆಟ್ಟ ವರ್ಷ ಹೊಸದು ಬರುವಷ್ಟರಲ್ಲಿ ಅವನ ಹೆಂಡತಿ ರತ್ನಪ್ರಭಾ ಒಂದು ಇಡೀ ರಂಜಾನ್ ತಿಂಗಳು ಅಂಗಡಿ ಹಿಟ್ಟಿನ ದೋಸೆಗೆ ಚಟ್ನಿಯ ಬದಲು ಉಪ್ಪಿನಕಾಯಿ ಬಡಿಸಿದ್ದಳು. ಆದರೆ ಆ ಮಿಕ್ಸಿ ಇವತ್ತಿಗೂ ಕಮಕ್ ಕಿಮಕ್ ಎನ್ನದೆ ತಿರುಗುತ್ತಿದೆ. ಅದಕ್ಕೇ ಗಂಡನ ಈ ಚಾಳಿಯ ಬಗ್ಗೆ ಅವಳಿಗೆ ಬೇಸರವೂ ಇತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಕನ್ನಡ ಸಂಘದ ಹೆಂಗಸರು ಫ್ರಿಜ್ ಕೊಳ್ಳುವ ಮುಂಚೆ "ನಿಮ್ಮನೆಯವರನ್ನ ಒಂದು ಮಾತು ಕೇಳಿ ಹೇಳಿ ರತ್ನಾ" ಎಂದು ಫೋನ್ ಮಾಡುತ್ತಿದ್ದರು.

"ಆತುರಗಾರನಿಗೆ ಬುದ್ಧಿ ಮಟ್ಟ" ಎನ್ನುವುದು ಅವನ ಬಾಯಿಯ ಗಾದೆ. ಇಪ್ಪತ್ತು ವರ್ಷ ಕತಾರಿನಲ್ಲಿ ಹೆಚ್ಚು ಮೋಸ ಹೋಗದೆ ಬದುಕಿದ್ದು ಈ ಗಾದೆಯಿಂದಲೇ ಎಂದು ಅವನು ನಂಬಿದ್ದ. ಮನೆಯವರೂ ನಂಬಿದ್ದರು.

ಬಿನ್ ಮಹಮೂದ್ ಬಡಾವಣೆಯ ಹಳೇ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಅವರ ಮನೆ. ಕೋಣೆ ಒಂದು, ಹಾಲ್ ಒಂದು. ಹಾಲ್‌ಗೆ ಅಡ್ಡ ಒಂದು ಪರದೆ. ಪರದೆಯ ಆಚೆ ಇಬ್ಬರು ಹೆಣ್ಣುಮಕ್ಕಳು: ಹನ್ನೆರಡನೇ ಕ್ಲಾಸಿನ ಸಂಜನಾ, ಆರನೇ ಕ್ಲಾಸಿನ ಆಶ್ರಿತಾ. ಈಚೆ ದಿವಾನದ ಮೇಲೆ ಧನಂಜಯನ ತಂದೆ ಮುನಿಯಪ್ಪ, ಕೋಲಾರದ ಕಡೆಯವರು, ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಚಳಿಗಾಲ ಕಳೆಯಲೆಂದು ಮಗನ ಮನೆಗೆ ಬಂದಿದ್ದರು. ಮಗನಿಗೂ ಬಸ್ಸಿನ ಕೆಲಸವೇ. ಫುಟ್‌ಬಾಲ್ ವರ್ಲ್ಡ್ ಕಪ್ಪಿಗೆಂದು ತರಿಸಿದ ನೂರಾರು ಬಸ್ಸುಗಳ ಪಾಳಿ ಹೊಂದಿಸುವ ಕಂಪನಿಯೊಂದರಲ್ಲಿ ಅವನು ಸೂಪರ್‌ವೈಸರ್. ಆ ವರ್ಷ ನವೆಂಬರ್ ಹುಟ್ಟುತ್ತಲೇ ಎಲ್ಲರ ರಜೆಯೂ ಖಲಾಸ್ ಎಂದು ಆಫೀಸು ಹೇಳಿಬಿಟ್ಟಿತ್ತು. ಶುಕ್ರವಾರದ ಊಟಕ್ಕೆ ಮನೆಗೆ ಬಂದರೆ ಅದೇ ದೊಡ್ಡದು.

ಶಾಲೆಗಳು ಆ ತಿಂಗಳು ಮಧ್ಯಾಹ್ನಕ್ಕೇ ಬಿಡುತ್ತಿದ್ದವು. ಸಂಜನಾ ಬಂದು ಊಟ ಮಾಡಿ, ಪರದೆ ಎಳೆದುಕೊಂಡು, ಅಪ್ಪನ ಹಳೇ ಇಯರ್‌ಫೋನ್ ಹಾಕಿಕೊಂಡು ಫೋನಿನಲ್ಲಿ ಎಂಟ್ರೆನ್ಸ್ ಕೋಚಿಂಗಿಗೆ ಕೂರುತ್ತಿದ್ದಳು. ಒಂದು ದಿನ ಪರದೆ ಸರಿಸಿ ತಲೆ ಹಾಕಿದಳು.

"ಅಮ್ಮಾ, ಎಡಗಡೆ ಬರ್ತಾ ಇಲ್ಲ."

"ಏನು ಬರ್ತಾ ಇಲ್ಲ?"

"ಸೌಂಡು. ಬೆಳಿಗ್ಗೆಯಿಂದ ಕಿವೀನೂ ಕಟ್ಕೊಂಡಂಗಿದೆ. ಜುಂಯ್ ಅಂತಿದೆ."

"ಏಸಿ ಗಾಳಿ ನೇರ ತಲೆಗೆ ಹೊಡೆಯೋ ಹಂಗೆ ಮಲಗ್ತೀಯ, ಕಟ್ಕೊಳ್ದೆ ಏನಾಗುತ್ತೆ? ಬಿಸಿನೀರು ಕುಡಿ."

ಅಷ್ಟೇ. ರತ್ನಪ್ರಭಾ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು, ಮತ್ತೆ ಅದನ್ನೇ ತೆಗೆದಳು. ಹುಡುಗಿಯ ಎಡಗಿವಿ ರಾತ್ರೋರಾತ್ರಿ ಸತ್ತುಹೋಗಿತ್ತು. ಅದನ್ನು ಉಳಿಸಿಕೊಳ್ಳಲು ದೇವರು ಕೊಟ್ಟ ಗಡುವು ಬಹಳ ಚಿಕ್ಕದಿತ್ತು. ಆ ಗಡುವನ್ನು ಈ ಮನೆ ಹೇಗೆ ಕಳೆಯಿತು ಎಂಬುದೇ ಈ ಕಥೆ.

ಸಂಜೆ ಧನಂಜಯ ಬಂದು ಇಯರ್‌ಫೋನ್ ಕೈಗೆ ತೆಗೆದುಕೊಂಡ. ತನ್ನ ಕಿವಿಗಿಟ್ಟು ವಯರನ್ನು ಬುಡದಲ್ಲಿ ಹಿಸುಕಿದ, ತಿರುಚಿದ. ಚರಚರ ಸದ್ದು ಬಂತು, ನಿಂತಿತು, ಮತ್ತೆ ಬಂತು.

"ನೋಡು, ವಯರ್ ಒಳಗೇ ಕಿತ್ತಿದೆ. ಬೇರೆ ತರೋಣ, ನೋಡಿ ಹೇಳ್ತೀನಿ," ಎಂದ.

ವಯರ್ ಕಿತ್ತಿದ್ದು ನಿಜ. ಆ ನಿಜವೇ ಮನೆಗೆ ಶನಿಯಾಯಿತು.

"ನೋಡಿ ಹೇಳ್ತೀನಿ" ಎಂದರೆ ಏನರ್ಥವೆಂದು ರತ್ನಪ್ರಭೆಗೆ ಗೊತ್ತು. ಮಗಳ ಕ್ಲಾಸು ಅಷ್ಟು ದಿನ ಕಾಯುವುದಿಲ್ಲವೆಂದು ಮರುದಿನ ಅವಳೇ ಕೆಳಗಿನ ಮೊಬೈಲ್ ಅಂಗಡಿಗೆ ಇಳಿದು ಕೈಗೆ ಸಿಕ್ಕಿದ ಒಂದನ್ನು ತಂದಳು. ಥಳಥಳ ಹೊಳೆಯುವ ಸ್ಟೀಲಿನದು. ಎರಡು ದಿನ ಹಾಕಿಕೊಳ್ಳುವಷ್ಟರಲ್ಲಿ ಸಂಜನಾಳ ಎರಡೂ ಕಿವಿಯ ಬಾಯಿ ಕೆಂಪಾಗಿ ಊದಿಕೊಂಡು ತುರಿಕೆ ಶುರುವಾಯಿತು. ಆ ಹುಡುಗಿಗೆ ಹುಟ್ಟಿದಾಗಿನಿಂದ ಹಾಗೆಯೇ. ಚಿನ್ನ ಬಿಟ್ಟು ಬೇರೆ ಯಾವ ಓಲೆ ಹಾಕಿದರೂ ಕಿವಿ ಹುಣ್ಣಾಗುತ್ತಿತ್ತು. ಜಾತ್ರೆಯ ಓಲೆ, ಸ್ಕೂಲ್ ಡೇ ಜುಮುಕಿ, ಯಾವುದೂ ಅವಳಿಗೆ ಆಗಿಬಂದದ್ದಿಲ್ಲ.

ಶುಕ್ರವಾರ ಅನ್ನ, ಬಸ್ಸಾರು, ಹುರುಳಿಕಾಯಿ ಪಲ್ಯ. ಧನಂಜಯ ಮೊದಲ ತುತ್ತಿಗೇ ಶುರು ಮಾಡಿದ.

"ಇವಳ ಕಿವಿಗೆ ತಗಡು ಆಗಲ್ಲ ಅಂತ ಹೆತ್ತ ತಾಯಿಗೆ ನಾನು ಹೇಳಿಕೊಡಬೇಕಾ? ಒಂದು ವಾರ ತಡ್ಕೊಂಡಿದ್ರೆ ಏನಾಗ್ತಿತ್ತು?"

"ಕ್ಲಾಸ್ ಹೋಗ್ತಿತ್ತು."

"ಈಗ ಕಿವಿ ಹೋಗುತ್ತಲ್ಲ, ಅದು ಪರವಾಗಿಲ್ವಾ?"

ಅವನು ರೇಗಿಸಲು ಆಡಿದ ಮಾತು. ಮುನಿಯಪ್ಪನವರು ನಕ್ಕರು, ಆಶ್ರಿತಾಳೂ ನಕ್ಕಳು. ರತ್ನಪ್ರಭೆಗೆ ನಾಚಿಕೆಯಾಯಿತು. ತಾನು ಆತುರಪಟ್ಟೆ, ಕಣ್ಣೆದುರೇ ಮಗಳ ಕಿವಿ ಊದಿದೆ, ತಪ್ಪು ತನ್ನದೇ ಎಂದು ಒಪ್ಪಿಕೊಂಡು ಮಾವನಿಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಆ ದಿನದಿಂದ ಈ ವಿಷಯದಲ್ಲಿ ತಾನಾಗಿ ಏನನ್ನೂ ಮಾಡಬಾರದೆಂದು ಅವಳು ಗಟ್ಟಿಮಾಡಿಕೊಂಡಳು.

"ಮರದ್ದು ಬರುತ್ತೆ," ಎಂದ ಧನಂಜಯ, ಕೈ ತೊಳೆದುಕೊಂಡು ಬಂದು. "ಕಿವಿಯೊಳಗೆ ಕೂರೋ ಗೂಡು ಪೂರ್ತಿ ಮರದಲ್ಲೇ ಮಾಡಿರ್ತಾರೆ. ಬೆವರಲ್ಲ, ತುರಿಕೆ ಬರಲ್ಲ. ಸೌಂಡೂ ಚೆನ್ನಾಗಿರುತ್ತಂತೆ. ಬೆಲೆ ಹೆಚ್ಚಿಲ್ಲ, ಆದ್ರೆ ಹುಡುಕಬೇಕು."

"ಬ್ಲೂಟೂತ್ ತಗೊಳ್ಳಿ ಅಪ್ಪಾ, ಎವ್ರಿಬಡಿ ಹ್ಯಾಸ್," ಎಂದಳು ಆಶ್ರಿತಾ.

"ಕ್ಲಾಸ್ ಮಧ್ಯೆ ಚಾರ್ಜ್ ಮುಗಿಯುತ್ತೆ. ಒಂದು ಕಳೆದ್ರೆ ಜೋಡೀನೇ ಹೋಯ್ತು. ವಯರಿಂದೇ ಸರಿ."

ಹುಡುಕಾಟ ಹೀಗೆ ಶುರುವಾಯಿತು. ಮರವೆಂದರೆ ಒಂದೇ ಮರವೇ? ಬೀಟೆ, ವಾಲ್‌ನಟ್, ಎಬನಿ, ಹೆಸರೇ ಇಲ್ಲದ ಯಾವುದೋ ಕಟ್ಟಿಗೆ. ಕೆಲವು ಪೂರ್ತಿ ಮರ, ಕೆಲವು ಹೊರಗೆ ಮರ ಒಳಗೆ ತಗಡು, ಕೆಲವು ಪ್ಲಾಸ್ಟಿಕ್ಕಿನ ಮೇಲೆ ಮರದ ಚಿತ್ರ ಅಂಟಿಸಿದ ಮೋಸ. ಇನ್ನು ಹುಡುಗಿಯ ಫೋನಿಗೆ ಇಯರ್‌ಫೋನಿನ ಗುಂಡುತೂತೇ ಇಲ್ಲ, ಚಾರ್ಜರ್ ಸಿಗಿಸುವ ಜಾಗಕ್ಕೇ ಕೂರುವ ಚಪ್ಪಟೆ ಪಿನ್ನಿನದೇ ಆಗಬೇಕು. ಮೈಕ್ ಇರಬೇಕು. ಧನಂಜಯ ಆಫೀಸಿನ ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಟಾಯ್ಲೆಟ್ಟಿನಲ್ಲೂ ಓದಿದ. ಚೀನಾದ ಅಂಗಡಿಯವನೊಬ್ಬನಿಗೆ "ಕಿವಿಗೆ ತಾಗುವ ಜಾಗದಲ್ಲಿ ಲೋಹ ಇದೆಯೋ ಇಲ್ಲವೋ" ಎಂದು ಬರೆದು ಉತ್ತರಕ್ಕೆ ಕಾದ. ಅವನು ಮಗಳಿಗಾಗಿ ಪಟ್ಟ ಈ ಪಾಡನ್ನು ಸುಳ್ಳೆನ್ನುವಂತಿಲ್ಲ. ಪ್ರೀತಿ ಇಲ್ಲದವನಾಗಿದ್ದರೆ ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಿದ್ದ.

ಸಂಜನಾ ಅಷ್ಟರವರೆಗೆ ಸ್ಪೀಕರಿನಲ್ಲೇ ಪಾಠ ಕೇಳುತ್ತಿದ್ದಳು. ತಾತನ ಟಿವಿ, ಆಶ್ರಿತಾಳ ಗಲಾಟೆ, ಕುಕ್ಕರಿನ ಕೂಗು, ಎಲ್ಲದರ ಮಧ್ಯೆ. ವಾರದ ಟೆಸ್ಟಿನಲ್ಲಿ ಅಂಕ ಜಾರಿತು.

"ಗಲಾಟೇಲಿ ಯಾವ ಮಾತು ಎಲ್ಲಿಂದ ಬರ್ತಿದೆ ಅಂತಾನೇ ಗೊತ್ತಾಗಲ್ಲ ತಾತ."

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದು ಮುನಿಯಪ್ಪ ಮೊಮ್ಮಗಳ ಜಡೆ ಎಳೆದರು. ಮತ್ತೆ ಮನಸ್ಸು ತಡೆಯದೆ, "ಯಾವ ಕಿವಿ ಮಗಾ, ಕಟ್ಕೊಂಡಿರೋದು? ಎಡದ್ದಾ? ಅಷ್ಟಕ್ಕೆ ಯಾಕೆ ಒದ್ದಾಡ್ತೀಯ. ನಿಮ್ಮಜ್ಜಿ ನಮಗೆಲ್ಲ ಮಾಡ್ತಿದ್ಳು," ಎಂದು ಎದ್ದರು.

ಕೊಬ್ಬರಿ ಎಣ್ಣೆಗೆ ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಸಣ್ಣ ಉರಿಯಲ್ಲಿ ಕಾಯಿಸಿ, ಬೆರಳಿಗೆ ಹಿತವಾಗುವಷ್ಟು ಆರಿಸಿದರು. ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹತ್ತಿಯಿಂದ ಹನಿಹನಿಯಾಗಿ ಬಿಟ್ಟು, ಕಿವಿಗೆ ಹತ್ತಿ ತುರುಕಿದರು. ಮನೆಯೆಲ್ಲ ಬೆಳ್ಳುಳ್ಳಿಯ ಘಮ. ಪ್ರತಿದಿನ ಸ್ನಾನಕ್ಕೆ ಮುಂಚೆ ಇದು ನಡೆಯಿತು. ಮುದುಕರಿಗೆ ಒಂದು ಕೆಲಸ ಸಿಕ್ಕಿತು, ಹುಡುಗಿಗೂ ತಾತನ ತೊಡೆ ಹಿತವೆನಿಸಿತು.

"ಈಗ ಹೆಂಗಿದೆ?"

"ಹಂಗೇ ಇದೆ ತಾತ."

"ಎಣ್ಣೆ ಒಳಗೆ ನಿಂತಿದ್ಯಲ್ಲ, ಹಂಗೇ ಇರುತ್ತೆ. ಇಳೀಲಿ, ಆಮೇಲೆ ನೋಡು."

ಎಣ್ಣೆ ಇಳಿಯಿತು, ಮತ್ತೆ ಬಿಟ್ಟರು. ಕೇಳಿಸದ್ದಕ್ಕೆ ಮೊದಲು ವಯರ್ ಕಾರಣವಾಗಿತ್ತು, ಆಮೇಲೆ ತಗಡು, ಈಗ ಎಣ್ಣೆ. ಒಂದು ಕಾರಣ ಮುಗಿಯುವ ಮುಂಚೆ ಇನ್ನೊಂದು ಸಿದ್ಧವಾಗಿರುತ್ತಿತ್ತು.

ಎದುರು ಮನೆಯ ಜೂಲಿಯಾನಾ ಮಂಗಳೂರಿನವಳು, ಹಲ್ಲಿನ ಕ್ಲಿನಿಕ್ಕೊಂದರಲ್ಲಿ ನರ್ಸ್. ಹೆಪ್ಪಿಗೆ ಮೊಸರು ಕೇಳಲು ಬಂದವಳು ಹುಡುಗಿಯ ಕಿವಿಯ ಹತ್ತಿ ನೋಡಿ ಬಾಗಿಲಲ್ಲೇ ನಿಂತಳು.

"ಎಂತ ಆಯ್ತು ರತ್ನಕ್ಕ ಇವಳಿಗೆ?"

"ಕಿವಿ ಕಟ್ಟಿದೆ, ಏಸಿ ಥಂಡಿ. ಇಯರ್‌ಫೋನ್ ಬೇರೆ ಆಗಿಬರ್ತಿಲ್ಲ."

"ಎಷ್ಟು ದಿನದಿಂದ ಉಂಟು?"

"ಆಯ್ತು, ಒಂದು ವಾರದ ಮೇಲೆ."

ಜೂಲಿಯಾನಾ ಹತ್ತಿ ತೆಗೆಸಿ, ಸಂಜನಾಳ ಬೆನ್ನ ಹಿಂದೆ ನಿಂತು, ಎಡಗಿವಿಯ ಬಳಿ ಬೆರಳಿಗೆ ಬೆರಳು ಉಜ್ಜಿದಳು. ಬಲಗಡೆ ಉಜ್ಜಿದಳು. ಬಲಗಡೆಗೆ ಮಾತ್ರ ಹುಡುಗಿ ತಿರುಗಿದಳು.

"ಎಣ್ಣೆ ನಿಲ್ಲಿಸಿ ಮಾರಾಯ್ರೆ. ಇವತ್ತೇ ಕಿವಿ ಡಾಕ್ಟ್ರಿಗೆ ತೋರಿಸಿ. ಹೆದರಿಸ್ಲಿಕ್ಕೆ ಹೇಳುವುದಲ್ಲ. ಆದ್ರೆ ಇದು ಥಂಡಿ ಅಲ್ಲ ಅಂತ ಕಾಣ್ತದೆ ನಂಗೆ."

ಮಗಳು ತಿರುಗದ್ದನ್ನು ರತ್ನಪ್ರಭಾ ಇದೇ ಮೊದಲು ನೋಡಿದ್ದಲ್ಲ. ತಟ್ಟೆ ಹಿಡಿದು ಎಡಗಡೆಯಿಂದ ಎರಡು ಸಲ, ಮೂರು ಸಲ ಕೂಗಿದ್ದಳು. ಪುಸ್ತಕದಲ್ಲಿ ಮುಳುಗಿದ್ದಾಳೆ, ಎಣ್ಣೆ ನಿಂತಿದೆ, ವಯಸ್ಸಿಗೆ ಬಂದ ಹುಡುಗಿ ಬೇಕೆಂದೇ ಕೇಳಿಸಿಕೊಳ್ಳುವುದಿಲ್ಲ, ಹೀಗೆ ಏನಾದರೊಂದು ಹೇಳಿಕೊಂಡು ಸುಮ್ಮನಾಗಿದ್ದಳು. ಹೆದರಿಕೆಯಾದಾಗ ಮನಸ್ಸು ಇಂಥ ನೂರು ಸಮಾಧಾನ ಹುಟ್ಟಿಸುತ್ತದೆ.

ಅವಳು ಗಂಡನಿಗೆ ಫೋನ್ ಮಾಡಿದಳು. ಹಿಂದೆ ಡ್ರೈವರುಗಳ ಗದ್ದಲ, ಯಾರೋ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿ ಕಿರುಚುತ್ತಿದ್ದರು.

"ಡಾಕ್ಟರಿಗೆ ತೋರಿಸ್ಬೇಕಂತೆ ರೀ. ಜೂಲಿಯಾನಾ ಹೇಳಿದ್ಳು."

"ಹಲ್ಲು ಕೀಳೋ ಕ್ಲಿನಿಕ್ಕಿನ ನರ್ಸು ಕಿವಿ ವಿಷಯ ಹೇಳ್ತಾಳಾ? ಕಾರಣ ಗೊತ್ತಿದೆಯಲ್ಲ ರತ್ನಾ, ತಗಡಿನ ಅಲರ್ಜಿ, ಒಳಗೂ ಊದಿರುತ್ತೆ. ಈಗ ಹೋದ್ರೆ ಡ್ರಾಪ್ಸ್ ಬರೆದು ಕಳಿಸ್ತಾರೆ ಅಷ್ಟೇ. ನನಗೆ ಇಲ್ಲಿ ಉಸಿರಾಡೋಕೆ ಬಿಡ್ತಿಲ್ಲ."

"ನಾನೇ ಕರ್ಕೊಂಡು ಹೋಗ್ಲಾ?"

"ಮತ್ತೆ ಆತುರ. ಹೋದ ಸಲ ಆತುರಪಟ್ಟು ಏನಾಯ್ತು? ಇಯರ್‌ಫೋನ್ ಸಿಕ್ಕಿದೆ ಕಣೇ, ಪೂರ್ತಿ ಮರ, ಆ ಚೀನಾದವನು ಇವತ್ತು ಉತ್ತರ ಕಳಿಸಿದ್ದಾನೆ. ಆರ್ಡರ್ ಹಾಕಿದೀನಿ. ಅದು ಬರ್ಲಿ, ಆಗಲೂ ಕೇಳ್ದಿದ್ರೆ ನೋಡೋಣ."

ಅವಳು "ಹೂಂ" ಎಂದಳು. ಕಿವಿ, ಮೂಗು, ಗಂಟಲಿನ ಕ್ಲಿನಿಕ್ ಮನೆಯಿಂದ ಎರಡು ತಿರುವು ಆಚೆ ಇತ್ತು. ತರಕಾರಿ ತರಲು ಹೋಗುವಾಗ ದಿನವೂ ಅದರ ಬೋರ್ಡಿನ ಕೆಳಗೇ ನಡೆಯುತ್ತಿದ್ದಳು. ಕಾರು ಬೇಡ, ಗಂಡನ ರಜೆ ಬೇಡ, ಸೆರಗು ಸರಿಮಾಡಿಕೊಂಡು ಮಗಳ ಕೈ ಹಿಡಿದು ಹೊರಟಿದ್ದರೆ ಸಾಕಿತ್ತು. ಅವಳು ಹೊರಡಲಿಲ್ಲ. ಎಣ್ಣೆ ಮಾತ್ರ ನಿಲ್ಲಿಸಿ ಎಂದು ಮಾವನಿಗೆ ಹೇಳಿದಳು. ಅವರು ಮುಖ ಸಣ್ಣ ಮಾಡಿಕೊಂಡು ಬಟ್ಟಲನ್ನು ಅಡುಗೆಮನೆಗೆ ಒಯ್ದಿಟ್ಟರು.

ಪಂದ್ಯಗಳು ಶುರುವಾದವು. ಶಾಲೆಗೆ ಪೂರ್ತಿ ರಜೆ. ಬೀದಿ ತುಂಬ ಬಾವುಟ, ಬಣ್ಣದ ಟೋಪಿ, ಕೊಂಬು ಊದುವ ಜನ. ಊರಿಗೆ ಊರೇ ಹಬ್ಬ ಮಾಡುತ್ತಿತ್ತು. ಮುನಿಯಪ್ಪ ಟಿವಿ ಎದುರು ಕೂತು "ಇಷ್ಟೊಂದ್ ಜನ ಓಡಾಡಿ ಒಂದು ಗೋಲಾ? ಕೂಲಿ ಗಿಟ್ಟುತ್ತಾ ಇವರಿಗೆ?" ಎಂದು ಆಶ್ರಿತಾಳನ್ನು ನಗಿಸುತ್ತಿದ್ದರು. ಧನಂಜಯನ ಬಸ್ಸುಗಳು ಸ್ಟೇಡಿಯಮ್ಮಿನಿಂದ ಸ್ಟೇಡಿಯಮ್ಮಿಗೆ ಜನ ಹೊರುತ್ತಿದ್ದವು. ಅವನ ಪಾರ್ಸೆಲ್ ಮಾತ್ರ ಎಲ್ಲೋ ಗೋದಾಮಿನಲ್ಲಿ ಕೂತಿತ್ತು. ವರ್ಲ್ಡ್ ಕಪ್ ನೂಕುನುಗ್ಗಲು, ತಡವಾಗುತ್ತದೆ ಎಂದು ಕೊರಿಯರಿನವರ ಮೆಸೇಜ್ ಬಂತು. ವಾರ ಕಳೆದು ಮತ್ತೊಂದು ಬಂತು.

ಒಂದು ಸಂಜೆ ರತ್ನಪ್ರಭಾ ಮಗಳ ಜೊತೆ ಕೊತ್ತಂಬರಿ ತರಲು ಇಳಿದಳು. ಊರಿನಲ್ಲಿ ರಸ್ತೆಗೆ ಕಾಲಿಟ್ಟರೆ ಗಾಡಿ ಮೊದಲು ಬರುವುದು ಬಲದಿಂದ, ಇಲ್ಲಿ ಎಡದಿಂದ. ಸಂಜನಾ ಎರಡು ಹೆಜ್ಜೆ ಮುಂದಿದ್ದಳು. ಊಟ ತಲುಪಿಸುವ ಹುಡುಗನ ಬೈಕು ಎಡಗಡೆಯಿಂದ ಹಾರ್ನ್ ಒತ್ತಿಕೊಂಡೇ ಬಂತು. ಹುಡುಗಿ ಬಲಕ್ಕೆ ತಿರುಗಿ ನೋಡಿದಳು. ಅಲ್ಲಿ ಏನೂ ಇಲ್ಲವೆಂದು ಕಾಲು ಮುಂದಿಟ್ಟಳು. ರತ್ನಪ್ರಭಾ ಅವಳ ಕುರ್ತಾದ ಬೆನ್ನು ಹಿಡಿದು ಹಿಂದಕ್ಕೆಳೆದಳು. ಬೈಕಿನವನು ಬೈದುಕೊಂಡು ಹೋದ.

"ಹಾರ್ನ್ ಕೇಳ್ಳಿಲ್ವೇನೇ?"

"ಕೇಳ್ತು ಅಮ್ಮಾ. ಆ ಕಡೆಯಿಂದ ಕೇಳ್ತು," ಎಂದು ಸಂಜನಾ ಖಾಲಿ ರಸ್ತೆಯ ಕಡೆ ಕೈ ತೋರಿಸಿದಳು. "ಅಮ್ಮಾ, ನಂಗೆ ಭಯ ಆಗ್ತಿದೆ."

"ಏನಿಲ್ಲ, ಏನಿಲ್ಲ," ಎಂದಳು ತಾಯಿ. ಮನೆಗೆ ಬಂದು ಗಂಡನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಬಂದ ಮೇಲೆ ಹೇಳಿದರೆ, "ನಾಳೆ ನಾಡಿದ್ದರಲ್ಲಿ ಪಾರ್ಸೆಲ್ ಬರುತ್ತೆ, ಗೋದಾಮು ಬಿಟ್ಟಿದೆ," ಎಂದ. ಕಣ್ಣಲ್ಲಿ ನಿದ್ದೆ ತುಂಬಿತ್ತು, ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದ.

ಪಾರ್ಸೆಲ್ ಶುಕ್ರವಾರ ಬಂತು. ಊಟವಾಗಿ ಎಲ್ಲರೂ ಹಾಲಿನಲ್ಲೇ ಇದ್ದರು. ಧನಂಜಯ ಪೆಟ್ಟಿಗೆಯನ್ನು ಚಾಕುವಿನಿಂದ ಜೋಪಾನವಾಗಿ ಕುಯ್ದ. ನಿಜಕ್ಕೂ ಚೆಂದದ ಸಾಮಾನು. ಹುಣಸೆಬೀಜದ ಬಣ್ಣದ ಎರಡು ಪುಟ್ಟ ಮರದ ಗೂಡು, ಒಂದೊಂದರ ಮೇಲೂ ಸಣ್ಣ ಗೆರೆ, ನೇಯ್ದ ವಯರು. ಮುನಿಯಪ್ಪ ಮೂಸಿ ನೋಡಿ "ಮರಾನೇ ಕಣಪ್ಪಾ" ಎಂದರು. ಧನಂಜಯನ ಮುಖ ಅರಳಿತು. ಅವನೇ ಮಗಳ ಕಿವಿಗೆ ಇಟ್ಟು, ಫೋನಿನಲ್ಲಿ ಒಂದು ಹಾಡು ಹಾಕಿದ.

"ಹೆಂಗಿದೆ?"

ಸಂಜನಾ ಎರಡೂ ಗೂಡನ್ನು ಬೆರಳಿನಿಂದ ಒತ್ತಿ ನೋಡಿದಳು. "ಚುಚ್ಚಲ್ಲ ಅಪ್ಪಾ. ಚೆನ್ನಾಗಿದೆ. ಆದ್ರೆ ಎಡಗಡೆ ಬರ್ತಿಲ್ಲ."

"ಏನು? ಇದೂ ಹಾಳಾ?" ಧನಂಜಯ ಎದ್ದು ನಿಂತ. "ಇಷ್ಟೆಲ್ಲ ನೋಡಿ ತರಿಸಿದ್ದು! ಬಿಡಲ್ಲ ಅವನನ್ನ, ಇವತ್ತೇ ವಾಪಸ್ ಕಳಿಸ್ತೀನಿ. ಪೆಟ್ಟಿಗೆ ಎಸೀಬೇಡ ರತ್ನಾ."

ಆಶ್ರಿತಾ ಅಕ್ಕನ ಎಡಗಿವಿಯಿಂದ ಅದನ್ನು ಎಳೆದು ತನ್ನ ಕಿವಿಗಿಟ್ಟುಕೊಂಡಳು.

"ಇಟ್ಸ್ ವರ್ಕಿಂಗ್, ಅಪ್ಪಾ."

"ಅದು ಬಲಗಡೇದು ಇರ್ಬೇಕು ನೋಡು."

"ನೋ, ಎಲ್ ಅಂತ ಬರ್ದಿದೆ. ಲೌಡ್ ಆಗಿ ಬರ್ತಿದೆ."

ರತ್ನಪ್ರಭಾ ಆಶ್ರಿತಾಳ ಕೈಯಿಂದ ಅದನ್ನು ತೆಗೆದುಕೊಂಡು ತನ್ನ ಕಿವಿಗಿಟ್ಟಳು. ಹಾಡು ಸ್ಪಷ್ಟವಾಗಿತ್ತು, ತಂಬೂರಿಯ ಮೀಟು ಕೂಡ ಕೇಳುತ್ತಿತ್ತು. ಅದನ್ನೇ ಸಂಜನಾಳ ಬಲಗಿವಿಗೆ ಇಟ್ಟಳು. "ಬರ್ತಿದೆ," ಎಂದಳು ಹುಡುಗಿ. ಬಲಗಿವಿಯದನ್ನು ತೆಗೆದು ಇನ್ನೊಂದನ್ನು ಎಡಗಿವಿಗೆ ಇಟ್ಟಳು. ಹುಡುಗಿ ತಲೆಯಾಡಿಸಿದಳು. ತಾಯಿ ಫೋನಿನ ಸದ್ದು ಏರಿಸುತ್ತಾ ಹೋದಳು, ತುದಿಯವರೆಗೂ. ಮರದ ಗೂಡಿನಿಂದ ಹೊರಗೆ ಚಿಮ್ಮಿದ ಹಾಡು ಮುನಿಯಪ್ಪನವರಿಗೂ ಕೇಳಿಸಿತು. ಸಂಜನಾ ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ ಅಮ್ಮಾ," ಎಂದಳು.

ಆಗ ಎಲ್ಲರೂ ಒಟ್ಟಿಗೇ ಎದ್ದರು. ಎರಡು ತಿರುವು ಆಚೆಯ ಕ್ಲಿನಿಕ್ ಸಂಜೆ ತೆರೆಯುತ್ತಿತ್ತು. ಬಾಗಿಲು ತೆರೆಯುವ ಮುಂಚೆಯೇ ಹೋಗಿ ಮೆಟ್ಟಿಲ ಮೇಲೆ ಕೂತರು. ಅಲ್ಲಿಯವರು ನೋಡಿ, ತಡಮಾಡಬೇಡಿ ಎಂದು ದೊಡ್ಡ ಆಸ್ಪತ್ರೆಗೆ ಚೀಟಿ ಕೊಟ್ಟರು. ಆಸ್ಪತ್ರೆಯಲ್ಲಿ ಸಂಜನಾಳನ್ನು ಗಾಜಿನ ಗೂಡಿನೊಳಗೆ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಬಲಗಿವಿಯ ಸರದಿಯಲ್ಲಿ ಅವಳ ಹೆಬ್ಬೆರಳು ಟಕಟಕ ಒತ್ತಿತು. ಎಡಗಿವಿಯ ಸರದಿಯಲ್ಲಿ ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಕಾದಿತ್ತು. ರತ್ನಪ್ರಭಾ ಗಾಜಿನಾಚೆ ನಿಂತು ಆ ಬೆರಳನ್ನೇ ನೋಡಿದಳು. ಒಂದು ಸಲ ಒತ್ತೇ ನನ್ನ ತಾಯಿ, ಸುಳ್ಳಿಗಾದರೂ ಒತ್ತು ಎಂದು ಅವಳ ಜೀವ ಕೂಗುತ್ತಿತ್ತು.

ಡಾಕ್ಟರ್ ಸುಲೈಮಾನ್ ವಯಸ್ಸಾದವರು, ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡುತ್ತಿದ್ದರು. ಯಾವಾಗಿನಿಂದ ಹೀಗೆ ಎಂದು ಕೇಳಿದರು.

"ಪಾರ್ಸೆಲ್ ಇವತ್ತು ಬಂದದ್ದು..." ಎಂದು ಧನಂಜಯ ಶುರುಮಾಡಿ ನಿಲ್ಲಿಸಿದ.

"ಶಾಲೆ ಹಾಫ್ ಡೇ ಇದ್ದಾಗಿನಿಂದ," ಎಂದಳು ಸಂಜನಾ ಅವರಿಗೆ, ಇಂಗ್ಲಿಷಿನಲ್ಲಿ. ಆಮೇಲೆ ಅಪ್ಪನ ಕಡೆ ತಿರುಗಿ ಕನ್ನಡದಲ್ಲಿ, "ಅವತ್ತೇ ಹೇಳಿದ್ನಲ್ಲ ಅಪ್ಪಾ, ಎಡಗಡೆ ಬರ್ತಿಲ್ಲ ಅಂತ."

ಡಾಕ್ಟರ್ ಕನ್ನಡಕ ತೆಗೆದಿಟ್ಟರು. ಇದು ಕೆಲವರಿಗೆ ಹೀಗೆ ಒಂದೇ ದಿನದಲ್ಲಿ ಬಂದುಬಿಡುತ್ತದೆ, ಯಾಕೆಂದು ನಮಗೂ ಪೂರ್ತಿ ಗೊತ್ತಿಲ್ಲ, ಒಳಗಿನ ನರಕ್ಕೆ ಪೆಟ್ಟು ಎಂದರು. ಇಯರ್‌ಫೋನಿನಿಂದ ಬಂದದ್ದಲ್ಲ, ಅಲರ್ಜಿಯಿಂದಲ್ಲ, ಎಣ್ಣೆಯಿಂದಲೂ ಅಲ್ಲ. ಮೊದಲ ದಿನಗಳಲ್ಲೇ ಬಂದಿದ್ದರೆ ಮಾತ್ರೆ ಕೊಟ್ಟು ಎಷ್ಟೋ ಜನರಿಗೆ ಕಿವಿ ಮರಳಿಸಿದ್ದೇವೆ. ಎರಡು ವಾರ ದಾಟಿದರೆ ಆಸೆ ಕಡಿಮೆ. ನಿಮ್ಮದು ತಿಂಗಳಾಯಿತು. ಆದರೂ ಕೊಡುತ್ತೇನೆ, ಎಂದರು.

"ಎಣ್ಣೆಯಿಂದ ಅಲ್ಲ ಅಂದ್ರಾ?" ಎಂದು ಮುನಿಯಪ್ಪ ಮನೆಯಲ್ಲಿ ನಾಲ್ಕು ಸಲ ಕೇಳಿದರು. ಅಲ್ಲ ಎಂದರೂ ಅವರಿಗೆ ಸಮಾಧಾನವಾಗಲಿಲ್ಲ. ತಟ್ಟೆಯ ಮುಂದೆ ಕೂತು ಅನ್ನ ಕಲಸಿ ಕಲಸಿ ಎದ್ದುಹೋಗುತ್ತಿದ್ದರು. "ದಿನ ಹಾಳ್ಮಾಡಿದ್ವಲ್ಲಮ್ಮಾ, ನಾನು ಎಣ್ಣೆ ಬಿಟ್ಟು ಬಿಟ್ಟು ಮಗೂಗಿದ್ದ ದಿನಾನೆಲ್ಲ ತಿಂದೆ," ಎನ್ನುತ್ತಿದ್ದರು. ಟಿವಿಯ ಕಡೆಗೆ ಮತ್ತೆ ತಿರುಗಲಿಲ್ಲ. ಫೈನಲ್ ಪಂದ್ಯದ ದಿನ ಕಟ್ಟಡಕ್ಕೆ ಕಟ್ಟಡವೇ ಕೂಗಿಕೊಂಡಾಗ ಇವರ ಹಾಲಿನಲ್ಲಿ ದೀಪ ಕೂಡ ಹಚ್ಚಿರಲಿಲ್ಲ.

ಮಾತ್ರೆಗಳಿಂದ ಸಂಜನಾಳ ಮುಖ ಊದಿತು, ಕೆಟ್ಟ ಹಸಿವು ಹತ್ತಿತು. ಕಿವಿಯೊಳಗೆ ಸೂಜಿ ಚುಚ್ಚಿದ ದಿನ ತಲೆ ತಿರುಗಿ ವಾಂತಿ ಮಾಡಿದಳು. ಪ್ರತಿ ಸಲವೂ ಗಾಜಿನ ಗೂಡು, ಪ್ರತಿ ಸಲವೂ ಸುಮ್ಮನೆ ಕಾಯುವ ಹೆಬ್ಬೆರಳು. ಮನೆಯಲ್ಲಿ ಗಂಡ ಹೆಂಡಿರ ಜಗಳ ದಿನದ ಅಡುಗೆಯಂತಾಯಿತು.

"ಮನೇಲೇ ಇರೋಳು ನೀನು. ನಿನ್ನ ಕಣ್ಣಿಗೆ ಬೀಳಲಿಲ್ವಾ?"

"ಬಿತ್ತು. ಹೇಳ್ದೆ. ಹಲ್ಲು ಕೀಳೋ ನರ್ಸು ಅಂದ್ರಿ."

"ನಾನು ಅಂದ್ರೆ? ಕಾಲಿಗೆ ಸಂಕೋಲೆ ಹಾಕಿದ್ನಾ? ಎರಡು ತಿರುವು ನಡೆಯೋಕೆ ನನ್ನ ಅಪ್ಪಣೆ ಬೇಕಿತ್ತಾ?"

ಅಪ್ಪಣೆ ಬೇಕಿರಲಿಲ್ಲ ಎಂಬುದು ರತ್ನಪ್ರಭೆಗೂ ಗೊತ್ತಿತ್ತು. ಅವಳು ಕೈಯಲ್ಲಿದ್ದ ಸೌಟನ್ನು ಸಿಂಕಿಗೆ ಎಸೆದು ಜೋರಾಗಿ ಅತ್ತಳು. ಪರದೆ ಸರಿಯಿತು.

"ನೀವು ಜಗಳ ಆಡಿ ಅಮ್ಮಾ, ನಂಗೇನೂ ತೊಂದರೆ ಇಲ್ಲ," ಎಂದಳು ಸಂಜನಾ. "ಬಲಗಿವಿ ದಿಂಬಿಗೆ ಒತ್ಕೊಂಡು ಮಲಗಿದ್ರೆ ಏನೂ ಕೇಳಲ್ಲ. ಆಶ್ರಿತಾಗೆ ಮಾತ್ರ ಕೇಳುತ್ತೆ, ಪಾಪ, ಅವಳು ಚಿಕ್ಕೋಳು."

ಪರದೆ ಮತ್ತೆ ಮುಚ್ಚಿತು. ಗಂಡ ಹೆಂಡತಿ ಇಬ್ಬರೂ ತಲೆ ತಗ್ಗಿಸಿ ನಿಂತರು.

ಹೊಸ ವರ್ಷದಲ್ಲಿ ಡಾಕ್ಟರ್ ಸುಲೈಮಾನ್ ಇನ್ನು ಔಷಧಿ ಸಾಕೆಂದರು. ಎಡಗಡೆಯ ಸದ್ದನ್ನು ಹಿಡಿದು ಬಲಗಿವಿಗೆ ದಾಟಿಸುವ ಒಂದು ಯಂತ್ರ ಬರುತ್ತದೆ, ಕಿವಿ ಮರಳುವುದಿಲ್ಲ, ರಸ್ತೆಯಲ್ಲಿ, ಕ್ಲಾಸಿನಲ್ಲಿ ಅನುಕೂಲವಾಗುತ್ತದೆ ಎಂದರು. ಆ ಸಂಜೆಯೇ ಧನಂಜಯ ಫೋನ್ ಹಿಡಿದು ದಿವಾನದ ತುದಿಯಲ್ಲಿ ಕೂತ. ಅವನ ಕಣ್ಣು ಕೆಂಪಾಗಿತ್ತು. ಡೆನ್ಮಾರ್ಕಿನದು, ಜರ್ಮನಿಯದು, ಬ್ಯಾಟರಿ ಎಷ್ಟು ದಿನ, ತಾಗುವ ಜಾಗ ಯಾವುದರದು, ಕೊಂಡವರು ಏನೆಂದಿದ್ದಾರೆ. ಅವನಿಗೆ ಪ್ರಾಯಶ್ಚಿತ್ತಕ್ಕೂ ಬೇರೆ ದಾರಿ ಗೊತ್ತಿರಲಿಲ್ಲ.

"ಒಂದು ವಾರ ಕೊಡು ರತ್ನಾ. ಇದರಲ್ಲಂತೂ ತಪ್ಪಾಗಬಾರದು."

"ನಾಳೆ," ಎಂದಳು ರತ್ನಪ್ರಭಾ. "ನೀವು ಬಂದರೆ ಬನ್ನಿ. ಇಲ್ಲದಿದ್ರೆ ನಾವಿಬ್ಬರೇ ಹೋಗ್ತೀವಿ."

ಅವನು ಬಂದ. ಅಲ್ ಸದ್ದ್ ಬಡಾವಣೆಯ ಕಿವಿಯಂತ್ರದ ಅಂಗಡಿಯಲ್ಲಿ ಬಿಳಿ ಕೋಟಿನ ಹೆಂಗಸು ಬಟ್ಟೆಯ ಮೇಲೆ ಮೂರು ಯಂತ್ರಗಳನ್ನು ಸಾಲಾಗಿ ಇಟ್ಟಳು. ಮೂರೂ ಹುಡುಗಿಗೆ ಆಗುತ್ತವೆ, ಹೆಚ್ಚು ವ್ಯತ್ಯಾಸವಿಲ್ಲ ಎಂದಳು. ಧನಂಜಯನ ಕೈ ತಾನಾಗಿ ಮುಂದೆ ಹೋಯಿತು. ಮಧ್ಯದ್ದನ್ನು ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ, ಹಿಂಬದಿ ಉಗುರಿನಿಂದ ಮುಟ್ಟಿ ನೋಡಿದ.

"ಇದರ ಒಳಗಿನ ಭಾಗ ಯಾವುದರಿಂದ..." ಎಂದು ಕೇಳತೊಡಗಿದ.

"ಅಪ್ಪಾ," ಎಂದಳು ಸಂಜನಾ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ನೀರು ಕೊಡಿ ಎಂದು ಕೇಳುವಾಗಿನ ದನಿ. "ನೀವು ಆರಿಸ್ಬೇಡಿ."

ಅವನು ಯಂತ್ರವನ್ನು ಬಟ್ಟೆಯ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟ. ಒಂದು ಸಲ ಹೆಂಡತಿಯನ್ನು ನೋಡಿದ. ಅವಳು ಬಿಳಿ ಕೋಟಿನ ಹೆಂಗಸಿನ ಕಡೆ ತಿರುಗಿದಳು. ಗಾಜಿನ ಬಾಗಿಲು ತಳ್ಳಿಕೊಂಡು ಹೊರಗೆ ಹೋದ. ಬೀದಿದೀಪದ ಕಂಬದ ಬಾವುಟಗಳನ್ನು ಏಣಿ ಹಾಕಿ ಇಳಿಸುತ್ತಿದ್ದರು, ಅವನು ಅದಕ್ಕೆ ಬೆನ್ನು ಹಾಕಿ ನಿಂತ.

ಒಳಗಿನ ಕೆಲಸ ಬೇಗನೆ ಮುಗಿಯಿತು. ತಾಯಿ ಮಗಳು ಹೊರಗೆ ಬಂದಾಗ ಅವನು ಚೀಲ ತೆಗೆದುಕೊಳ್ಳಲು ಕೈ ಚಾಚಿದ.

"ಯಾವುದು ತಗೊಂಡ್ರಿ?"

"ಅವರು ಮೊದಲು ಕೈಗೆ ಕೊಟ್ಟಿದ್ದು," ಎಂದಳು ರತ್ನಪ್ರಭಾ.